ತಡವಾಗಿ ತಿರುಗುವ ನೀಲಿ ಗೆರೆ

ಧೈರ್ಯಸ್ಥರ ತಂಟೆಗೆ ಇಂಥ ಪ್ರಸಂಗಗಳು ಹೋಗುವುದಿಲ್ಲ, ಪುಕ್ಕಲರ ವಿಳಾಸ ವಿಚಾರಿಸಿಕೊಂಡು ಬಂದು ಬಾಗಿಲು ತಟ್ಟುತ್ತವೆ. ನನ್ನ ವಿಳಾಸವಂತೂ ಅವಕ್ಕೆ ಬಾಯಿಪಾಠವಾಗಿತ್ತು.

ನಾನು ಗುಂಡ್ಲುಪೇಟೆಯ ತರಕಾರಿ ಮಾರುಕಟ್ಟೆ ಕಚೇರಿಗೆ ಗುಮಾಸ್ತೆಯಾಗಿ ಸೇರಿದಾಗ ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷವಾಗಿತ್ತು. ಅದಕ್ಕೆ ಮುಂಚೆ ಚಂದಕವಾಡಿಯ ಕಡೆ ಒಂದು ಶಾಲೆಯಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದೆ. ಅಲ್ಲಿ ಸಂಬಳ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹೊಸದು ಸರ್ಕಾರಿ ಕೆಲಸ, ಆದರೆ ಪ್ರೊಬೇಷನ್. ಅವಧಿ ಮುಗಿಯುವಾಗ ಮೇಲಿನವರು ‘ತೃಪ್ತಿಕರ’ ಅಂತ ಒಂದು ಪದ ಬರೆದರೆ ಖಾಯಂ, ಬರೆಯದಿದ್ದರೆ ಮನೆ. ಚಾಮರಾಜನಗರದ ನಮ್ಮ ಬೀದಿಯಲ್ಲಿ ನಮ್ಮತ್ತೆ ಆಗಲೇ ‘ನಮ್ ಸೊಸೆ ಗೌರ್ಮೆಂಟು’ ಎಂದು ಸಾರಿಬಿಟ್ಟಿದ್ದರು. ಕೆಲಸ ಹೋದರೆ ಊಟಕ್ಕೇನು ಅನ್ನುವುದಕ್ಕಿಂತ ಆ ಬೀದಿಯಲ್ಲಿ ಮತ್ತೆ ಹೇಗೆ ನಡೆದಾಡುವುದು ಅನ್ನುವುದೇ ನನ್ನ ದೊಡ್ಡ ಭಯ. ದಿನಾ ಬಸ್ಸು ತೆರಕಣಾಂಬಿ ದಾಟುತ್ತಿದ್ದಂತೆ ನಾನು ಮನೆದೇವರ ಹೆಸರು ಹೇಳಿಕೊಳ್ಳಲು ಶುರು ಮಾಡುತ್ತಿದ್ದೆ.

ಹಳೆಯದನ್ನು ಬಿಡಲು ಅನುಮತಿ

ಒಂದು ಬೆಳಿಗ್ಗೆ ಜವಾನ ನನ್ನ ಮೇಜಿನ ಹತ್ತಿರ ಬಂದು, “ಮೇಡಮ್ನೋರೇ, ಸಾಹೇಬ್ರು ಕರೀತಾವ್ರೆ. ಮಕ ಸರಿಗಿಲ್ಲ” ಅಂದ.

ಸಾಹೇಬರು ಅಂದರೆ ನಮ್ಮ ಕಾರ್ಯದರ್ಶಿಗಳು. ಅವರ ಮುಖ ಸರಿಯಿದ್ದದ್ದನ್ನು ಯಾರೂ ನೋಡಿರಲಿಲ್ಲ. ಆದರೂ ಜವಾನ ಬಂದು ಹಾಗೆ ಹೇಳಿದ ಮೇಲೆ, ಕೆಲಸ ಹೋಯಿತು ಅಂದುಕೊಂಡೇ ಒಳಗೆ ಹೋದೆ.

ಅವರ ಕೈಯಲ್ಲಿ ಮೇಲಿನಿಂದ ಬಂದ ಸುತ್ತೋಲೆ ಇತ್ತು. ಹುರುಳಿಕಾಯಿಯ ರೇಟನ್ನು ದಿನಾ ಹೊರಗಿನ ಕಪ್ಪು ಹಲಗೆಯ ಮೇಲೆ ಕೆಂಪು ಗೆರೆಯಲ್ಲಿ ತೋರಿಸಬೇಕು. ಅದರ ಜೊತೆಗೆ ಏಳು ದಿನದ ಚಲಿಸುವ ಸರಾಸರಿಯನ್ನು ನೀಲಿ ಗೆರೆಯಲ್ಲಿ ತೋರಿಸಬೇಕು. ಒಂದು ದಿನ ರೇಟು ಎದ್ದಿತು, ಒಂದು ದಿನ ಬಿತ್ತು ಅಂತ ರೈತರು ಕಂಗಾಲಾಗದೆ, ಒಟ್ಟಾರೆ ಯಾವ ಕಡೆ ಹೋಗುತ್ತಿದೆ ಅನ್ನುವುದನ್ನು ನೀಲಿ ನೋಡಿ ತಿಳಿಯಲಿ ಅನ್ನುವುದು ಉದ್ದೇಶ.

“ಸರಾಸರಿ ಗೊತ್ತು. ಇದು ಚಲಿಸೋದು ಯಾಕ್ರೀ?” ಅಂದರು ಕಾರ್ಯದರ್ಶಿಗಳು.

“ಸರ್, ಏಳು ದಿನದ ರೇಟು ಕೂಡಿ ಏಳರಿಂದ ಭಾಗಿಸೋದು. ಮಾರನೇ ದಿನ ಹೊಸ ರೇಟು ಸೇರಿಸ್ಕೊಂಡು ಎಲ್ಲಕ್ಕಿಂತ ಹಳೇದನ್ನ ಬಿಡೋದು. ಹಾಗೇ ದಿನಾ ಮುಂದಕ್ಕೆ ಹೋಗತ್ತೆ.”

“ಬಿಡೋದು ಅಂದ್ರೆ?”

“ಲೆಕ್ಕದಿಂದ ತೆಗೆಯೋದು ಸರ್.”

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. “ಸರ್ಕಾರಿ ರೇಟನ್ನ ನೀವಾಗೇ ತೆಗೆಯೋಕೆ ನಿಮಗೆ ಅಧಿಕಾರ ಕೊಟ್ಟೋರು ಯಾರು? ನಾಳೆ ಆಡಿಟ್‌ನೋರು ಬಂದು ಎಲ್ಲಿ ಹೋಯ್ತು ಅಂದ್ರೆ ಯಾರು ಜವಾಬ್ದಾರಿ?”

ಜವಾಬ್ದಾರಿ ಅನ್ನುವ ಪದ ಕೇಳಿದರೆ ಆಗ ನನಗೆ ಬೆವರು ಬರುತ್ತಿತ್ತು. ಕೊನೆಗೆ ಅವರೇ ದಾರಿ ತೋರಿಸಿದರು. ಆವತ್ತಿನಿಂದ ದಿನಾ ಬೆಳಿಗ್ಗೆ ‘ಹಿಂದಿನ ವಾರದ ಇಂಥ ದಿನದ ಹುರುಳಿಕಾಯಿ ದರವನ್ನು ಲೆಕ್ಕದಿಂದ ಕೈಬಿಡಲು ಅನುಮತಿ ಕೋರಿದೆ’ ಅಂತ ನಾನು ಟಿಪ್ಪಣಿ ಬರೆಯುವುದು, ಅವರು ‘ಅನುಮತಿಸಿದೆ’ ಅಂತ ಸಹಿ ಹಾಕುವುದು.

ಹೀಗೇ ನಡೆಯುತ್ತಿರುವಾಗ ಅವರು ತಂಗಿಯ ಮಗಳ ಮದುವೆಗೆ ಅಂತ ನಂಜನಗೂಡಿಗೆ ಹೋಗಿ ಮೂರು ದಿನ ಬರಲಿಲ್ಲ. ಅನುಮತಿಯಿಲ್ಲದೆ ಹಳೆಯದನ್ನು ಬಿಡುವ ಎದೆಗಾರಿಕೆ ನನಗೆ ಎಲ್ಲಿಂದ ಬರಬೇಕು? ಆ ಮದುವೆ ಮುಗಿಯುವಷ್ಟರಲ್ಲಿ ನಮ್ಮ ಏಳು ದಿನದ ಸರಾಸರಿ ಹತ್ತು ದಿನದ್ದಾಗಿತ್ತು.

“ನಂಗೆ ನೀಲೀದು ಕೊಡ್ಸು”

ಹಲಗೆ ಶುರುವಾದ ಮೇಲೆ ಒಂದು ಸಲ ರೇಟು ಬಿತ್ತು. ವಾರವೆಲ್ಲ ಕಿಲೋಗೆ ಹತ್ತು ರೂಪಾಯಿ ಇದ್ದ ಹುರುಳಿಕಾಯಿ ಎಂಟಕ್ಕೆ ಇಳಿದು, ಮಾರನೇ ದಿನ ಆರಕ್ಕೆ ಬಂತು. ಕೆಂಪು ಗೆರೆ ದಡಕ್ಕನೆ ಕೆಳಗಿಳಿಯಿತು. ನೀಲಿ ಮಾತ್ರ ಹಳೆಯ ಹತ್ತುಗಳನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡು ಒಂಬತ್ತರ ಮೇಲೆಯೇ ಕೂತಿತ್ತು.

ಹಂಗಳದ ಕಡೆಯ ಒಬ್ಬರು ಹಿರಿಯ ರೈತರು ಸೀದಾ ನನ್ನ ಮೇಜಿನ ಹತ್ತಿರ ಬಂದರು. “ಏನವ್ವಾ, ಮಂಡೀಲಿ ಆರು ಅಂತಾವ್ರೆ. ನಿನ್ ನೀಲಿ ಗೆರೆ ಒಂಬತ್ತು ಅಂತದೆ. ನಂಗೆ ನೀಲೀದು ಕೊಡ್ಸು.”

“ಯಜಮಾನ್ರೇ, ನೀಲಿ ಇವತ್ತಿನ ರೇಟಲ್ಲ. ಹಿಂದಿನ ದಿನದ್ದೆಲ್ಲ ಸೇರಿಸಿ ಹಂಚಿರೋದು. ಮಾರೋದು ಕೆಂಪು ರೇಟಿಗೇ.”

“ರೇಟಲ್ದಿದ್ರೆ ಯಾಕ್ ಬರ್ದೆ? ಅದೂ ಸರ್ಕಾರದ್ ಅಲಗೆ ಮ್ಯಾಲೆ?”

ಅಷ್ಟರಲ್ಲಿ ಅವರ ಹಿಂದೆ ಇನ್ನಷ್ಟು ಜನ ಸೇರಿದರು. ಎದುರಿನ ಮಂಡಿಯ ಮಾಲೀಕರು ತಮ್ಮ ಜಗುಲಿಯಿಂದಲೇ, “ನೀಲಿ ಬರೆದೋರೇ ನೀಲಿ ರೇಟಿಗೆ ತಗೊಳ್ಳಲಿ ಬುಡ್ರಪ್ಪ” ಅಂತ ಕೂಗಿದರು. ತಮಾಷೆಗೆ ಅಂದ ಮಾತು. ಆದರೆ ನೋಡನೋಡುತ್ತಿದ್ದಂತೆ ಹುರುಳಿಕಾಯಿ ಮೂಟೆಗಳು ಒಂದೊಂದಾಗಿ ಕಚೇರಿಯೊಳಗೆ ಬಂದು ನನ್ನ ಮೇಜಿನ ಸುತ್ತ ಕೂತವು. ಬಾಗಿಲು ಕಾಣಿಸದಂತಾಯಿತು. ನನಗೆ ಅಳು ಬಂದುಬಿಟ್ಟಿತು. ಸಂಬಳವನ್ನೆಲ್ಲ ಹುರುಳಿಕಾಯಿಗೆ ಸುರಿದು, ಆ ಮೂಟೆಗಳ ಜೊತೆ ನಾನು ಬಸ್ಸಿನಿಂದ ಇಳಿಯುವುದನ್ನು ನಮ್ಮತ್ತೆ ನೋಡುತ್ತಿರುವಂತೆ ಕಣ್ಣಿಗೆ ಕಟ್ಟಿತು.

ಮೂಟೆಗಳ ನಡುವೆಯೇ ನಿಂತು ಮತ್ತೆ ವಿವರಿಸಿದೆ. “ಯಜಮಾನ್ರೇ, ಹಳೇದನ್ನ ಒಂದೊಂದಾಗಿ ಬಿಡ್ತಾ, ಹೊಸದನ್ನ ಸೇರಿಸ್ಕೊಳ್ತಾ ಹೋಗಬೇಕು. ಇನ್ನು ನಾಲ್ಕು ದಿನ ಬಿಟ್ಟರೆ ನೀಲೀನೂ ಕೆಳಗಿಳಿಯತ್ತೆ.” ನನ್ನ ಕಣ್ಣೀರು ನೋಡಿಯೋ ಏನೋ ಅವರಿಗೆ ಕನಿಕರ ಬಂತು. “ಆಗ್ಲಿ ಬುಡವ್ವ, ಅಳ್ಬ್ಯಾಡ” ಅಂತ ಮೂಟೆಗಳನ್ನು ಎತ್ತಿಸಿದರು.

ಆಮೇಲೆ ರೇಟು ಏರಲು ಶುರುವಾಗಿ ಹನ್ನೊಂದಕ್ಕೆ ಹೋಯಿತು. ನೀಲಿ ಇನ್ನೂ ಏಳೂವರೆಯ ಹತ್ತಿರ ತೆವಳುತ್ತಿತ್ತು. ಈಗ ಕೇರಳದ ವ್ಯಾಪಾರಿಯ ಸರದಿ. ಸುಲ್ತಾನ್ ಬತ್ತೇರಿಗೆ ತರಕಾರಿ ಸಾಗಿಸುತ್ತಿದ್ದ ಅವರು ಹಲಗೆಗೆ ಬೆರಳು ತೋರಿಸಿ, “ಮೇಡಂ, ಎನಿಕ್ಕ್ ನೀಲ ಮದಿ, ನೀಲ ಮದಿ” ಅಂತ ಶುರು ಮಾಡಿದರು. ನನಗೆ ನೀಲಿಯೇ ಸಾಕು ಅನ್ನುವುದು ಅದರ ಅರ್ಥ. ಹಂಗಳದ ಯಜಮಾನರು ಅಲ್ಲೇ ಇದ್ದರು. “ಯಾವ ನೀಲೀಲಾ? ಕೆಂಪ್ ನೋಡ್ಲಾ, ಕೆಂಪ” ಅಂತ ಮೂಟೆಯ ಮೇಲೆ ಕೈಯೂರಿ ನಿಂತರು.

ನಾನು ಮೆಲ್ಲಗೆ, “ಯಜಮಾನ್ರೇ, ಆವತ್ತು ನೀವೇ ನೀಲಿ ಬೇಕು ಅಂದಿದ್ರಲ್ಲ” ಅಂದೆ.

“ಹಳೇದ ಬುಟ್ಟು ಹೊಸದ ಸೇರಿಸ್ಕೋಬೇಕು ಅಂತ ನೀನೇ ತಾನೆ ಕಣವ್ವ ಯೋಳ್ಕೊಟ್ಟಿದ್ದು” ಅಂದರು ಅವರು. “ನಾನು ಆ ಹಳೇ ಮಾತ ಬುಟ್ಟುಬುಟ್ಟೆ.”

ಅಮಾವಾಸ್ಯೆಯ ಸೊನ್ನೆ

ಅಮಾವಾಸ್ಯೆ ಬಂತೆಂದರೆ ನಮ್ಮ ಕಡೆ ಅರ್ಧ ಊರು ಮಾದಪ್ಪನ ಬೆಟ್ಟದಲ್ಲಿರುತ್ತದೆ. ಒಂದು ಅಮಾವಾಸ್ಯೆಗೆ ಮಂಡಿಯವರು, ಹಮಾಲಿಗಳು, ಲಾರಿ ಡ್ರೈವರುಗಳು ಎಲ್ಲರೂ ಒಟ್ಟಿಗೆ ಹೊರಟುಹೋಗಿ ಮಾರುಕಟ್ಟೆ ಮುಚ್ಚಿತು. ಹಲಗೆಯ ಮೇಲೆ ಆ ದಿನದ ಜಾಗವನ್ನು ನಾನು ಖಾಲಿ ಬಿಟ್ಟೆ.

“ಖಾಲಿ ಯಾಕ್ರೀ?” ಅಂದರು ಕಾರ್ಯದರ್ಶಿಗಳು. “ಖಾಲಿ ಬಿಟ್ರೆ ಆಡಿಟ್‌ನಲ್ಲಿ ಆಕ್ಷೇಪಣೆ ಬರತ್ತೆ. ಅವತ್ತು ಒಂದು ಕಾಯಾದ್ರೂ ಮಾರಾಟ ಆಯ್ತಾ?”

“ಇಲ್ಲ ಸರ್.”

“ಹಾಗಾದ್ರೆ ಸೊನ್ನೆ ಹಾಕಿ.”

ರಜೆ ಬೇರೆ, ಸೊನ್ನೆ ರೂಪಾಯಿ ಬೇರೆ ಅನ್ನುವ ಮಾತು ಗಂಟಲಿನವರೆಗೆ ಬಂತು. ಪ್ರೊಬೇಷನ್ ನೆನಪಾಗಿ ಅಲ್ಲೇ ನುಂಗಿಕೊಂಡೆ. ಎಂಟರಲ್ಲಿದ್ದ ಕೆಂಪು ಗೆರೆಯನ್ನು ಹಲಗೆಯ ತಳದವರೆಗೆ ಎಳೆದೆ. ನೀಲಿಯೂ ಏಳಕ್ಕಿಂತ ಕೆಳಗೆ ಬಂತು.

ಸ್ವಲ್ಪ ಹೊತ್ತಿಗೆ ಹೊರಗೆ ಗಲಾಟೆ ಕೇಳಿಸಿತು. ಬೆಳಗಿನ ಮಾಲು ತಂದ ರೈತರು ಹಲಗೆಯ ಮುಂದೆ ಗುಂಪುಗಟ್ಟಿದ್ದರು. “ಯಾವನ್ಲಾ ರೇಟ ಸೊನ್ನೆ ಮಾಡ್ದೋನು?” ಅಂತ ಒಬ್ಬರು ಕೂಗಿದರು. “ಅವನಲ್ಲ, ಮೇಡಮ್ನೋರು. ಒಳಗವ್ರೆ” ಅಂತ ಜವಾನ ತುಂಬ ಮರ್ಯಾದೆಯಿಂದ ತಿದ್ದಿದ. ನಾನು ಬೀರುವಿನ ಹಿಂದೆ ಸರಿದು ನಿಂತೆ.

ರೈತರ ಹಿಂದೆಯೇ ಊರಿನ ಹೆಂಗಸರು ಬಂದರು. ಮಾರುಕಟ್ಟೆಯಲ್ಲಿ ಹುರುಳಿಕಾಯಿಗೆ ಸೊನ್ನೆ ರೇಟಂತೆ, ಸುಮ್ಮನೆ ಕೊಡುತ್ತಾರಂತೆ ಅನ್ನುವ ಸುದ್ದಿ ಹಬ್ಬಿತ್ತು. ಎಲ್ಲರ ಕೈಯಲ್ಲೂ ಚೀಲ. ನಾನು ಗೋಡೆ ಹಿಡಿದುಕೊಂಡೇ ಕಾರ್ಯದರ್ಶಿಗಳ ಕೋಣೆಗೆ ಹೋಗಿ, “ಸರ್, ಅಳಿಸಿಬಿಡಲಾ?” ಅಂದೆ.

“ಅಳಿಸಿದ್ರೆ ಅದು ತಿದ್ದುಪಡಿ ಆಗತ್ತೆ. ತಿದ್ದುಪಡಿಗೆ ಮೇಲಿಂದ ಅನುಮತಿ ತರಿಸಬೇಕು. ಹೆದರಬೇಡಿ, ನಿಯಮ ನಿಯಮವೇ” ಅನ್ನುತ್ತ ಅವರು ಕಿಟಕಿಯಿಂದ ಒಮ್ಮೆ ಹೊರಗೆ ನೋಡಿದರು. ನೋಡಿದವರೇ ಒದ್ದೆ ಬಟ್ಟೆ ಹಿಡಿದು ಹಲಗೆಯ ಕಡೆ ಓಡಿದರು. ಗುಂಪಿನ ಮುಂದೆಯೇ, ಎರಡೂ ಕೈಯಲ್ಲಿ ಚೀಲ ಹಿಡಿದು, ಅವರ ಶ್ರೀಮತಿಯವರು ನಿಂತಿದ್ದರು.

ಗೆರೆಗೆ ಬಂದ ನೋಟಿಸು

ಇಷ್ಟರಲ್ಲಿ ನನ್ನ ಪ್ರೊಬೇಷನ್ ಮುಗಿಯುವ ಕಾಲ ಹತ್ತಿರ ಬಂತು. ಆಗಲೇ ಚಾಮರಾಜನಗರದ ಜಿಲ್ಲಾ ಕಚೇರಿಯಿಂದ ದೊಡ್ಡ ಸಾಹೇಬರು ತಪಾಸಣೆಗೆ ಬಂದರು. ನನ್ನ ಫೈಲು ಅವರ ಮೇಜಿನ ಮೇಲೇ ಇತ್ತು. ‘ತೃಪ್ತಿಕರ’ ಬರೆಯಬೇಕಾದ ಕೈ ಅವರದೇ.

ಜೀಪಿನಿಂದ ಇಳಿದವರು ಬೇರೆ ಏನನ್ನೂ ನೋಡದೆ ಹಲಗೆಯ ಮುಂದೆ ನಿಂತರು. ಪೆನ್ನಿನ ತುದಿಯಿಂದ ಗೆರೆಗಳನ್ನು ಹಿಂಬಾಲಿಸಿದರು.

“ಇಲ್ಲಿ ಕೆಂಪು ಮೇಲಕ್ಕೆ ತಿರುಗಿದೆ. ನೀಲಿ ಎಲ್ಲಿ?”

“ಅದು ಸ್ವಲ್ಪ ದಿನ ಬಿಟ್ಟು ತಿರುಗತ್ತೆ ಸರ್.”

“ಇಲ್ಲಿ ಕೆಂಪು ಕೆಳಗಿಳಿದಿದೆ. ನೀಲಿ?”

“ಅದೂ ಹಿಂದಿನಿಂದಲೇ ಸರ್.”

“ಯಾವಾಗ್ಲೂ ಹೀಗೇನಾ?”

“ಯಾವಾಗ್ಲೂ ಸರ್” ಅಂದೆ. ದೊಡ್ಡ ಸಾಹೇಬರು ಕಾರ್ಯದರ್ಶಿಗಳನ್ನು ನೋಡಿದರು. ಕಾರ್ಯದರ್ಶಿಗಳು ನನ್ನನ್ನು ನೋಡಿದರು. ನಾನು ಜವಾನನನ್ನು ನೋಡಿದೆ. ಜವಾನ ತನ್ನ ಕೆಳಗೆ ಯಾರೂ ಇಲ್ಲದ್ದರಿಂದ ಜಗುಲಿಯ ಮೇಲೆ ಮಲಗಿದ್ದ ನಾಯಿಯನ್ನು ನೋಡಿದ.

“ಸರ್, ಹಳೇ ದಿನಗಳ ಭಾರ ಅದರ ಮೇಲಿರತ್ತೆ, ಅದಕ್ಕೇ...” ಅಂತ ಶುರು ಮಾಡಿದೆ.

“ಭಾರ ಎಲ್ಲರಿಗೂ ಇದೆಯಮ್ಮ” ಅಂದು ಅವರು ಜೀಪು ಹತ್ತಿದರು.

ವಾರದೊಳಗೆ ನೋಟಿಸು ಬಂತು. ‘ಫಲಕದಲ್ಲಿನ ನೀಲಿ ಗೆರೆಯು ಕೆಂಪು ಗೆರೆಗಿಂತ ಸತತವಾಗಿ ತಡವಾಗಿ ತಿರುಗುತ್ತಿರುವುದು ಕಂಡುಬಂದಿದ್ದು, ಸದರಿ ವಿಳಂಬಕ್ಕಾಗಿ ತಮ್ಮ ಮೇಲೆ ಏಕೆ ಕ್ರಮ ಕೈಗೊಳ್ಳಬಾರದು ಎಂಬುದಕ್ಕೆ ಸಮಜಾಯಿಷಿ ನೀಡತಕ್ಕದ್ದು.’

ಕೂತು ಉದಾಹರಣೆ ಸಮೇತ ಉದ್ದನೆಯ ಉತ್ತರ ಬರೆದೆ. ಏಳು ದಿನ ಕೂಡಿದ ಮೇಲೆ ಒಂದು ದಿನದ ಏರಿಳಿತ ಅದರಲ್ಲಿ ಏಳನೇ ಒಂದು ಪಾಲು ಮಾತ್ರ ಕಾಣುತ್ತದೆ, ತಡವಾಗುವುದೇ ಅದರ ಗುಣ ಅಂತೆಲ್ಲ. ನಿವೃತ್ತಿಗೆ ಹತ್ತಿರವಿದ್ದ ನಮ್ಮ ಹೆಡ್ ಕ್ಲರ್ಕ್ ಅದನ್ನು ಓದಿ ಮಡಿಸಿಟ್ಟರು.

“ಏನಮ್ಮಾ, ಸಾಹೇಬ್ರಿಗೆ ಪಾಠ ಮಾಡೋಕೆ ಹೊರಟಿದ್ದೀಯಲ್ಲ. ನಿನಗೆ ಖಾಯಂ ಆಗಬೇಕೋ, ಲೆಕ್ಕ ಸರಿಯಾಗಬೇಕೋ?”

“ಖಾಯಂ ಆಗಬೇಕು ಸರ್.”

“ಹಾಗಿದ್ರೆ ಬರ್ಕೋ.” ಅವರು ಹೇಳಿದರು, ನಾನು ಬರೆದೆ. ‘ವಿಳಂಬಕ್ಕಾಗಿ ವಿಷಾದಿಸುತ್ತೇನೆ. ಇನ್ನು ಮುಂದೆ ನೀಲಿ ಗೆರೆಯು ಕೆಂಪು ಗೆರೆಯ ಜೊತೆಯಲ್ಲಿಯೇ ಬರುವಂತೆ ಎಚ್ಚರ ವಹಿಸುತ್ತೇನೆ.’ ಲೆಕ್ಕ ಕಲಿಸಿದ ಕೈ ಸಹಿ ಹಾಕಲು ಒಪ್ಪಲಿಲ್ಲ. ನಮ್ಮತ್ತೆಯ ಮುಖ ನೆನೆಸಿಕೊಂಡೆ, ಒಪ್ಪಿತು.

ಆಮೇಲೆ ನಿಜವಾದ ಭಯ ಹಿಡಿಯಿತು. ಬರೆದುಕೊಟ್ಟ ಮಾತು ಉಳಿಯಬೇಕಾದರೆ ಇರುವುದು ಒಂದೇ ದಾರಿ, ಹುರುಳಿಕಾಯಿ ರೇಟು ಅಲುಗಾಡಬಾರದು. ದಿನಾ ಬಸ್ಸಿಳಿದ ಕೂಡಲೇ ಗೋಪಾಲಸ್ವಾಮಿ ಬೆಟ್ಟದ ಕಡೆ ತಿರುಗಿ ಕೈಮುಗಿದು, ಸ್ವಾಮೀ, ಇವತ್ತೂ ಏರಿಸಬೇಡ, ಇಳಿಸಬೇಡ ಅಂತ ಬೇಡಿಕೊಳ್ಳುತ್ತಿದ್ದೆ. ಪಕ್ಕದಲ್ಲಿದ್ದ ರೈತರು ಕೇಳಿಸಿಕೊಂಡಿದ್ದರೆ ನನ್ನ ಗತಿ ಏನಾಗುತ್ತಿತ್ತೋ.

ಸ್ವಾಮಿ ಕೇಳಿಸಿಕೊಂಡನೋ, ಕಾಲವೇ ಹಾಗಿತ್ತೋ. ನಮಗೆ ಆಷಾಢ, ಕೇರಳದವರಿಗೆ ಕರ್ಕಾಟಕ ಮಾಸ, ಎರಡೂ ಕಡೆ ಮದುವೆ ಮುಂಜಿ ಇಲ್ಲ. ದಿನಾ ಅದೇ ನಾಲ್ಕು ಲಾರಿಗಳು ಬಂದು ಹೋಗುತ್ತಿದ್ದವು. ಹುರುಳಿಕಾಯಿ ಎಂಟು ರೂಪಾಯಿಗೆ ಬಂದು ನಿಂತದ್ದು ಅಲ್ಲಿಯೇ ಬೇರು ಬಿಟ್ಟಿತು. ಇವತ್ತೂ ಎಂಟು, ನಾಳೆಯೂ ಎಂಟು. ನೀಲಿ ಗೆರೆ ನಿಧಾನವಾಗಿ ಬಂದು ಕೆಂಪು ಗೆರೆಯ ಮೇಲೆ ಕೂತಿತು. ಎರಡೂ ಒಂದೇ ಆಗಿ, ಹಲಗೆಯ ತುಂಬ ನೆಟ್ಟಗೆ ಒಂದೇ ಗೆರೆ.

ದೊಡ್ಡ ಸಾಹೇಬರು ಮತ್ತೆ ಬಂದು ನೋಡಿದರು. ಮೊದಲ ಸಲ ನಕ್ಕರು. ‘ನೋಟಿಸು ನೀಡಿದ ನಂತರ ಸದರಿ ನೌಕರರ ಕೆಲಸದಲ್ಲಿ ಸುಧಾರಣೆ ಕಂಡುಬಂದಿದೆ. ನೀಲಿ ಗೆರೆಯು ಸಮಯಕ್ಕೆ ಸರಿಯಾಗಿ ಬರುತ್ತಿದೆ. ತೃಪ್ತಿಕರ’ ಅಂತ ಬರೆದರು. ಶ್ರಾವಣದಲ್ಲಿ ಖಾಯಂ ಆದೇಶ ಕೈಗೆ ಬಂತು. ನಮ್ಮತ್ತೆ ಬೀದಿಗೆಲ್ಲ ಸಿಹಿ ಹಂಚಿದರು. ಅಂದು ನಾನು ಎಷ್ಟೋ ತಿಂಗಳ ಮೇಲೆ ಹೊಟ್ಟೆ ತುಂಬ ಉಂಡೆ.

ಮಾರನೇ ದಿನ ಬಸ್ಸಿನಲ್ಲಿ ತೆರಕಣಾಂಬಿ ದಾಟಿದ್ದೇ ಗೊತ್ತಾಗಲಿಲ್ಲ. ಗುಂಡ್ಲುಪೇಟೆಯಲ್ಲಿ ಇಳಿದರೆ ಹೆದ್ದಾರಿಯುದ್ದಕ್ಕೂ ಕೇರಳದ ಲಾರಿಗಳು. ಓಣಂ ಹತ್ತಿರ ಬಂದಿತ್ತು. ಮೂಟೆ ಬಿಚ್ಚುವ ಮೊದಲೇ ಕೂಗಾಟ ನಡೆದು, ಎಂಟರಲ್ಲಿದ್ದ ಹುರುಳಿಕಾಯಿ ಒಂದೇ ಏಟಿಗೆ ಹದಿನೈದಕ್ಕೆ ಹೋಯಿತು. ನಾನು ಸೀಮೆಸುಣ್ಣ ಹಿಡಿದು ನಿಂತೆ. ಕೆಂಪು ಗೆರೆ ಹಲಗೆಯ ನೆತ್ತಿ ಮುಟ್ಟಿತು. ನೀಲಿ ಕೂಡಿ ಭಾಗಿಸಿದರೆ ಒಂಬತ್ತು. ಎರಡರ ನಡುವೆ ಒಂದು ಗೇಣು ಅಂತರ.

ಹಿಂದೆ ಯಾರೋ ನಿಂತಂತಾಯಿತು. ಕಾರ್ಯದರ್ಶಿಗಳು. ಅವರು ಮೇಲಿದ್ದ ಕೆಂಪನ್ನು ನೋಡಿದರು, ಎಲ್ಲೋ ಕೆಳಗಿದ್ದ ನೀಲಿಯನ್ನು ನೋಡಿದರು, ನನ್ನನ್ನು ನೋಡಿದರು. ನಿಧಾನವಾಗಿ ತಲೆಯಾಡಿಸಿ ಅಂದರು:

“ಖಾಯಂ ಆಗಿ ಇನ್ನೂ ಒಂದು ದಿನ ಆಗಿಲ್ಲ, ಆಗ್ಲೇ ಲೇಟು ಶುರು ಮಾಡಿದ್ರೇನ್ರೀ?”