ಎರಡು ಗಾಜಿನದೋ, ನಾಲ್ಕು ಗಾಜಿನದೋ

ದುರ್ಬೀನು ಇಟ್ಟುಕೊಂಡವನಿಗೆ ನಕ್ಷತ್ರ ಕಂಡಷ್ಟೇ ಫಜೀತಿಯೂ ಕಾಣುತ್ತದೆ. ನನಗೆ ಎರಡನೆಯದೇ ಹೆಚ್ಚು ಕಂಡಿದೆ. ಯಾಕೆಂದರೆ ಎಂಬತ್ತರ ದಶಕದ ನಡುವೆ ಕುಂದಗೋಳದಲ್ಲಿ ನನಗಿಂತ ದೊಡ್ಡ ಖಗೋಳಜ್ಞ ಯಾರೂ ಇರಲಿಲ್ಲ. ಸಣ್ಣವರೂ ಇರಲಿಲ್ಲ, ಆ ಮಾತು ಬೇರೆ. ಹೊಟ್ಟೆಪಾಡಿಗೆ ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದೆ. ನನ್ನ ಜೋಡಿ ಗಡಿಯಾರ ರಿಪೇರಿಯ ಗೆಳೆಯ, ಸ್ಟೇಶನ್ ರಸ್ತೆಯಲ್ಲಿ ಅವನ ಅಂಗಡಿ. ಇದನ್ನೆಲ್ಲ ನಗಲಿಕ್ಕೆಂದೇ ಬರೆಯುತ್ತಿದ್ದೇನೆ.

೧. ಹಿತ್ತಾಳೆ ನಳಿಗಿ

ದುರ್ಬೀನಿನ ಆರಿಂಚಿನ ಕನ್ನಡಿ ನಾನೇ ತಿಕ್ಕಿದ್ದು ಎಂದು ಊರಿಗೆಲ್ಲ ಹೇಳಿದ್ದೇನೆ. ತಿಕ್ಕಿದವನು ಗೆಳೆಯ. ನಾನು ನೀರು ಹಾಕಿದೆ.

ಕನ್ನಡಿ ಎಷ್ಟು ಚಲೋ ಇದ್ದರೂ ಕಣ್ಣು ಹಚ್ಚುವ ಕಡೆ ಒಂದು ಐಪೀಸು ಬೇಕು. ಹುಬ್ಬಳ್ಳಿಯ ಗುಜರಿಯಲ್ಲಿ ಜಮೀನು ಅಳೆಯುವ ಹಳೆಯ ಯಂತ್ರವೊಂದು ಸಿಕ್ಕಿತು. ಅದರೊಳಗೆ ಎರಡು ಸಣ್ಣ ಗಾಜು, ಒಂದು ಮಗ್ಗಲು ಚಪ್ಪಟೆ, ಇನ್ನೊಂದು ಮಗ್ಗಲು ಉಬ್ಬು. ಗೆಳೆಯ ಅವನ್ನು ಹಿತ್ತಾಳೆ ನಳಿಗಿಯಲ್ಲಿ ಕೂದಲೆಳೆ ಆಚೀಚೆ ಆಗದಂತೆ ಕೂಡಿಸಿದ.

ನಾನು ಪುಸ್ತಕ ತೆರೆದು, "ಇದಕ್ಕ ರಾಮ್ಸ್‌ಡೆನ್ ಪದ್ಧತಿ ಅಂತಾರ. ಇನ್ನೂರು ವರ್ಷದ ಹಳೇ ನಮೂನಿ" ಎಂದೆ.

"ಯಾರರೆ ಏನರೆ ಅನ್ಲಿ. ಬೀಗರು ಊಟಕ್ಕ ಕುಂತಂಗ ಕೂಡಿಸೀನಿ. ಹೊಟ್ಟಿ ಎದುರಾಬದರಾ, ಬೆನ್ನು ಹೊರಗ."

೨. ಚಂದ್ರನ ಮೇಲಿನ ಇರುವೆ

ಈ ಹಳೆಯ ನಮೂನೆಗೆ ಎರಡು ದೋಷ. ಒಂದು, ಬಳೆಯೊಳಗಿಂದ ನೋಡಿದಂತೆ ಚಂದ್ರನ ಒಂದು ತುಂಡು ಮಾತ್ರ ಕಾಣುವುದು, ಅದೂ ಅಂಚಿನಲ್ಲಿ ಕೆಂಪು-ನೀಲಿ ಸೆರಗು ಹೊದ್ದು. ಎರಡು, ಕೆಳಗಿನ ಗಾಜಿನ ಮೇಲೆ ಧೂಳು ಕೂತರೆ ಅದೂ ಚಂದ್ರನ ಜೊತೆಗೇ ದೊಡ್ಡದಾಗಿ ಕಾಣುವುದು.

ಒಂದು ಸಂಜೆ ಊರಿನ ಗೌಡರು ನೋಡಲು ಬಂದರು. ಕಣ್ಣು ಹಚ್ಚಿದರು.

"ಮಾಸ್ತರ, ಚಂದ್ರನ ಮ್ಯಾಲೆ ಜೀವ ಐತಿ ಏನ್ರಿ?"

"ಇಲ್ರಿ ಗೌಡ್ರ. ಗಾಳಿ ಇಲ್ಲ, ನೀರಿಲ್ಲ. ಹುಲ್ಲ ಕಡ್ಡಿ ಸುದ್ದಾ ಇಲ್ಲ" ಎಂದು ದೊಡ್ಡ ಗಂಟಲಿನಲ್ಲಿ ಹೇಳಿದೆ.

"ಮತ್ತ ಇರಿವಿ ಹೊಂಟೈತಲ್ರಿ."

ನೋಡಿದೆ. ಹೊಂಟಿತ್ತು. ನಳಿಗಿಯೊಳಗೆ ಹೇಗೋ ಹೊಕ್ಕಿದ್ದ ಸಣ್ಣ ಇರುವೆ, ಚಂದ್ರನ ಈ ದಂಡೆಯಿಂದ ಆ ದಂಡೆಗೆ ನಡೆದಿತ್ತು. ನಾನು ಗಾಜು, ಧೂಳು, ಪದ್ಧತಿ ಎಂದು ವಿವರಿಸುವಷ್ಟರಲ್ಲಿ ಗೌಡರು ಎದ್ದು ಚಪ್ಪಲಿ ಮೆಟ್ಟಿದರು.

"ಇರಲಿ ಬಿಡ್ರಿ. ಇರಿವಿ ಹೋಗೈತಿ ಅಂದ್ರ ಅಲ್ಲೆಲ್ಲೋ ಬೆಲ್ಲ ಇರಬೇಕು."

೩. ಪುಣೆಯಿಂದ ಬಂದದ್ದು

ನನ್ನ ಹೆಂಡತಿಯ ಅಣ್ಣ ಪುಣೆಯ ಕಾಲೇಜಿನಲ್ಲಿ ಲೆಕ್ಚರರ್. ರಜೆಗೆ ಬಂದಾಗ ನನಗೆಂದು ಹೊಸ ಐಪೀಸು ತಂದ. ಪ್ಲೊಸಲ್ ಎಂಬ ನಮೂನೆ, ಕಪ್ಪು ನಳಿಗಿ, ಎರಡೆರಡು ಜೋಡಿಯಾಗಿ ನಾಲ್ಕು ಗಾಜು. ಅದರಲ್ಲಿ ಚಂದ್ರ ಇಡಿಯಾಗಿ ಹಿಡಿಸಿದ. ಅಂಚಿನ ತನಕ ಚೂಪು, ಬಣ್ಣದ ಸೆರಗಿಲ್ಲ.

ಅವನು 'ಅಗದಿ ಹೊಸಾ' ಎಂದು ಕೊಟ್ಟ ಈ ನಮೂನೆಯೂ ನೂರು ವರ್ಷದ ಹಿಂದಿನದೇ ಎಂದು ಆಮೇಲೆ ಓದಿದೆ. ಓದಿದ್ದನ್ನು ಯಾರಿಗೂ ಹೇಳಲಿಲ್ಲ.

ಗೆಳೆಯ ಅದನ್ನು ಕೈಯಲ್ಲಿ ತಿರುಗಿಸಿ ನೋಡಿದ. "ಚಲೋ ಐತಿ. ಮತ್ತ ನನ್ನದು?"

"ಮ್ಯೂಸಿಯಮ್ಮಿಗೆ ಕಳಸೂಣು" ಎಂದೆ.

ಅವನು ನಗಲಿಲ್ಲ. ಹಿತ್ತಾಳೆ ನಳಿಗಿಯನ್ನು ಅಂಗಿಯ ಚುಂಗಿನಿಂದ ಒರೆಸಿ, ಮೆಲ್ಲಗೆ ಗೋಡೆಯ ಗೂಡಿನಲ್ಲಿಟ್ಟು ಹೋದ. ಆ ಮಾತು ಇವತ್ತಿಗೂ ನನಗೆ ಚುಚ್ಚುತ್ತದೆ. ಹೆಂಡತಿಗೆ ಆಗಲೇ ಚುಚ್ಚಿತ್ತು.

"ಅದಕ್ಕ ನಾಕು ಗಾಜು ಬಂದುವು, ನಿಮಗ ನಾಕು ನಾಲಿಗಿ ಬಂದುವು" ಎಂದಳು.

೪. ಕಿಲುಬು

ಮೇ ತಿಂಗಳ ಕೊನೆಗೆ, ನಾಲ್ಕು ಗಾಜಿನಲ್ಲಿ ಶನಿಯ ಉಂಗುರ ತೋರಿಸುತ್ತೇನೆಂದು ಗೆಳೆಯನನ್ನು ಊಟಕ್ಕೆ ಕರೆದೆ. ಆಡಿದ ಮಾತು ತೊಳೆಯಬೇಕಿತ್ತು.

ಅವತ್ತು ಮಧ್ಯಾಹ್ನ ಐಪೀಸನ್ನು ಕಿಟಕಿಗೆ ಹಿಡಿದರೆ, ಗಾಜಿನ ಮೇಲೆ ಹಸಿರು-ನೇರಳೆ ಛಾಯೆ. ತಾಮ್ರದ ಕೊಡಕ್ಕೆ ಹಿಡಿಯುವ ಕಿಲುಬಿನ ಹಾಗೆ. ನಮ್ಮ ಮನೆಯಲ್ಲಿ ಲಿಂಗದ ಬೆಳ್ಳಿ ಕರಡಿಗೆಯಿಂದ ಹಿಡಿದು ನೀರಿನ ತಂಬಿಗೆಯ ತನಕ ಏನು ಮಾಸಿದರೂ ವಿಭೂತಿ ಹಚ್ಚಿ ತಿಕ್ಕುವುದು ರೂಢಿ. ಒಂದು ಗಟ್ಟಿ ವಿಭೂತಿ ಪುಡಿ ಮಾಡಿ, ಧೋತರದ ಚಿಂದಿಯಿಂದ ಎರಡೂ ಕಡೆ ತಿಕ್ಕಿದೆ. ಕಿಲುಬು ಹೋಯಿತು. ಬೆಳಕು ಪೂರ್ತಿ ಒಳಗೆ ಹೋಗಲೆಂದು ಕಾರ್ಖಾನೆಯವರು ಹಚ್ಚಿದ ಲೇಪ ಅದು ಎಂಬುದು ಡ್ರಾಯಿಂಗ್ ಮಾಸ್ತರನಿಗೆ ಹೇಗೆ ಗೊತ್ತಾಗಬೇಕು?

ರಾತ್ರಿ ಮಾಳಿಗೆಯ ಮೇಲೆ ಮೊದಲು ಅತಿಥಿಯೇ ನೋಡಬೇಕಲ್ಲ. ನೋಡಿದ.

"ಮಂಜು ಬಿದ್ದೈತಲೇ ಮಾಸ್ತರ."

"ಮೇ ತಿಂಗಳಾಗ ಮಂಜು ಎಲ್ಲಿದು?" ಎಂದು ನಾನೂ ನೋಡಿದೆ. ಶನಿ ಹತ್ತಿಯ ಅರಳೆಯಂತೆ ಬಿರಿದಿತ್ತು. ಮಧ್ಯಾಹ್ನ ಏನು ಮಾಡಿದೆನೆಂದು ಆಗ ತಿಳಿಯಿತು. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ನಾನು ಇನ್ನೊಂದು ಹೇಳಿದೆ.

"ನನಗ ಅಗದಿ ಸ್ವಚ್ಛ ಕಾಣತೈತಿ."

ಅವನು ಬಲಗಣ್ಣು ತಿಕ್ಕಿಕೊಂಡ. "ಮೂವತ್ತು ವರ್ಷ ಈ ಕಣ್ಣಿಗೇ ಭೂತಗನ್ನಡಿ ಸಿಗಿಸೀನಿ. ಹೋತು ಅನಸ್ತೈತಿ" ಎಂದು ಮೆಟ್ಟಿಲನ್ನು ಕೈಯಿಂದ ತಡವುತ್ತ ಇಳಿದ. ಊಟ ಅರ್ಧಕ್ಕೇ ಬಿಟ್ಟ.

ಅವನು ಹೋದ ಮೇಲೆ ಹೆಂಡತಿ, "ಜಗಲಿ ಮ್ಯಾಲಿನ ವಿಭೂತಿ ಗಟ್ಟಿ ಏನ ಮಾಡಿದ್ರಿ?" ಎಂದು ಕೇಳಿದಳು.

"ಶನಿಶಾಂತಿ ಮಾಡಿದೆ" ಎಂದೆ.

೫. ಹಲಗಿ

ಮರುದಿನದಿಂದ ಗೆಳೆಯ ಹೆಣ್ಣುಮಕ್ಕಳ ಸಣ್ಣ ಕೈಗಡಿಯಾರ ಮುಟ್ಟುವುದನ್ನು ಬಿಟ್ಟ. "ಹುಬ್ಬಳ್ಳಿಗೆ ಒಯ್ಯಿರಿ ತಂಗಿ, ನನ್ನ ಕಣ್ಣು ಹೋಗೈತಿ" ಎನ್ನುತ್ತಿದ್ದ. ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ ಏನೂ ಆಗಿಲ್ಲ ಎಂದರೂ ನಂಬಲಿಲ್ಲ. "ಅವರಿಗೇನ ಗೊತ್ತು? ಅವರು ಶನಿ ನೋಡ್ಯಾರೇನು?" ಎಂದು ನನ್ನನ್ನೇ ಕೇಳಿದ. ಮಳೆಗಾಲ ಶುರುವಾಯಿತು, ಮೋಡದ ನೆಪದಲ್ಲಿ ನಾನು ದುರ್ಬೀನು ಮುಚ್ಚಿಟ್ಟೆ. ಶಾಲೆಗೆ ಬೇರೆ ದಾರಿ ಹಿಡಿದೆ.

ದಸರೆ ಹೊತ್ತಿಗೆ ಸುದ್ದಿ ಬಂತು. ಗೆಳೆಯ ಸಣ್ಣ ಚಿಮಟ, ಸ್ಕ್ರೂಡ್ರೈವರುಗಳನ್ನೆಲ್ಲ ಎಣ್ಣೆಬಟ್ಟೆಯಲ್ಲಿ ಸುತ್ತಿಟ್ಟಿದ್ದಾನೆ, ಕೊಂಡುಕೊಂಡ ಗದಗಿನ ಅಂಗಡಿಯವರು ನಾಳೆ ಬಂದು ಒಯ್ಯುತ್ತಾರೆ. ಆ ಸಂಜೆಯೇ ಅವನನ್ನು ಮಾಳಿಗೆಗೆ ಎಳೆದು ತಂದೆ. ಪಡುವಣಕ್ಕೆ ಇಳಿಯುತ್ತಿದ್ದ ಶನಿಗೆ ದುರ್ಬೀನು ಹಿಡಿದು, ಅವನ ಹಿತ್ತಾಳೆ ನಳಿಗಿಯನ್ನೇ ಸಿಕ್ಕಿಸಿದೆ.

ಬಹಳ ಹೊತ್ತು ನೋಡಿದ. "ಉಂಗರ ಐತಿ. ಉಂಗರಕ್ಕೂ ಶನಿಗೂ ನಡುವ ಸಂದು ಐತಿ" ಎಂದ.

ಆಗ ಎಲ್ಲ ಹೇಳಿದೆ. ವಿಭೂತಿ, ಚಿಂದಿ, 'ಅಗದಿ ಸ್ವಚ್ಛ'.

"ಅವತ್ತ ಯಾಕ ಹೇಳಲಿಲ್ಲ?"

"ಮರ್ಯಾದಿ ಹೋಗತಿತ್ತು."

"ನಿನ್ನ ಮರ್ಯಾದಿ ಉಳೀಲಿಕ್ಕೆ ನನ್ನ ಕಣ್ಣು ಹೋಗಬೇಕಾತೇನಲೇ?"



ಮರುದಿನ ಬೆಳಗ್ಗೆ ಅವನು ಒಂದು ಹಲಗಿ, ಬಣ್ಣದ ಡಬ್ಬಿ ತಂದು ನನ್ನ ಕಟ್ಟೆಯ ಮೇಲಿಟ್ಟ. "ಬರಿ, ನಾ ಹೇಳಿದಂಗ." ಬರೆದೆ: 'ಹೆಣ್ಣುಮಕ್ಕಳ ಕೈಗಡಿಯಾರ ಮತ್ತೆ ರಿಪೇರಿ ಮಾಡಲಾಗುವುದು. ಅಂಗಡಿಯವನ ಕಣ್ಣು ಸರಿ ಇದೆ. ಕೆಟ್ಟಿದ್ದು ಡ್ರಾಯಿಂಗ್ ಮಾಸ್ತರರ ಗಾಜು.'

"'ಡ್ರಾಯಿಂಗ್ ಮಾಸ್ತರ' ಅನ್ನೂದು ಬಿಡೂಣೇನು?" ಎಂದು ಕೇಳಿದೆ.

"ಅದನ್ನಷ್ಟ ಕೆಂಪ ಬಣ್ಣದಾಗ ಬರಿ."

ಹಲಗಿ ವರ್ಷಗಟ್ಟಲೆ ತೂಗಿತು. ಬಣ್ಣ ಮಾಸಿದಾಗೊಮ್ಮೆ ಅವನು ಹೇಳಿ ಕಳಿಸುತ್ತಿದ್ದ, ನಾನು ಕುಂಚ ಹಿಡಿದು ಹೋಗಿ ತಿದ್ದಿ ಬರುತ್ತಿದ್ದೆ. ಕುಂದಗೋಳದ ಯಾವ ಅಂಗಡಿಯ ಮೇಲೂ ಅಷ್ಟು ಚಂದದ ಅಕ್ಷರ ಇರಲಿಲ್ಲ.