ದರಪಟ್ಟಿಯ ಹದಿನೇಳನೆಯ ಸಾಲು

ನಾಸಿಕ,
೧೪ ಆಗಸ್ಟ್ ೧೯೭೪

ದರ ಮತ್ತು ಸೇವಾ ನಿಯಂತ್ರಣ ಕಚೇರಿಯ ಘನ ಉಪನಿರೀಕ್ಷಕರ ಸನ್ನಿಧಿಗೆ,

ಮಾನ್ಯರೇ,

ಬಸ್ ಸ್ಟ್ಯಾಂಡಿನ ಎದುರಿನ ಶ್ರೀ ಅನಂತ ಉಪಾಹಾರ ಗೃಹದ ಮಾಲೀಕನಾದ ಹರಿದಾಸ ಉಪಾಧ್ಯನು, ತಮ್ಮ ಕ್ಷೇಮವನ್ನೂ, ತಮ್ಮ ಮೇಜಿನ ಮೇಲಿರುವ ಐದು ರಬ್ಬರ್ ಮುದ್ರೆಗಳ ಕ್ಷೇಮವನ್ನೂ ಹಾರೈಸಿ, ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ತಾವು ಕೇಳಿದ ವಿವರಣೆಯನ್ನು ಮರಾಠಿಯಲ್ಲಿ ಮೂರು ಪ್ರತಿ ಮಾಡಿ ಈಗಾಗಲೇ ಸಲ್ಲಿಸಿದ್ದೇನೆ. ಈ ನಾಲ್ಕನೆಯದನ್ನು ನಮ್ಮ ಕನ್ನಡ ಸಂಘದ ಮಾಸಪತ್ರಿಕೆಯ ಮೂಲಕ ಬಹಿರಂಗವಾಗಿ ಬರೆಯುವ ಧೈರ್ಯ ಬಂದದ್ದು, ಆ ದಿನ ತಾವು ನಮ್ಮ ದರಫಲಕದ ಮುಂದೆ ನಿಂತು, ಟೋಪಿ ತೆಗೆದು, ಅಚ್ಚ ಭಾಲ್ಕಿಯ ಕನ್ನಡದಲ್ಲಿ "ಇದೇನ್ರಿ ಇದು? ನಾಡಿ ಅಂದ್ರ ಎಷ್ಟ್ ಪೈಸಾ?" ಎಂದು ಕೇಳಿದಿರಲ್ಲ, ಅದರಿಂದ. ನಾನು ಈ ಊರಿಗೆ ಬಂದ ಹನ್ನೆರಡು ವರ್ಷದಲ್ಲಿ ಸರ್ಕಾರ ನನ್ನೊಡನೆ ನನ್ನ ಭಾಷೆಯಲ್ಲಿ ಮಾತನಾಡಿದ್ದು ಅದೇ ಮೊದಲು. ಆ ಪ್ರಶ್ನೆಗೆ ಅದೇ ಭಾಷೆಯಲ್ಲಿ ಉತ್ತರ ಕೊಡದಿದ್ದರೆ ಅಗೌರವವಾದೀತು.

ಮೊದಲಿಗೆ, ಆ ಸಾಲು ಫಲಕಕ್ಕೆ ಹೇಗೆ ಬಂತು ಎಂಬುದು. ಪ್ರತಿ ಹೋಟೆಲಿನಲ್ಲೂ ದರಫಲಕ ತೂಗುಹಾಕಬೇಕೆಂದೂ, ಅದರಲ್ಲಿ "ಬಡಿಸಲಾಗುವ ಪ್ರತಿಯೊಂದು ಆಹಾರವನ್ನೂ ಅದಕ್ಕೆ ಪಡೆಯಲಾಗುವ ಪ್ರತಿಫಲವನ್ನೂ" ಬರೆಯಬೇಕೆಂದೂ, ಒಂದನ್ನು ಬಿಟ್ಟರೂ ಪರವಾನಗಿ ರದ್ದಾಗುವುದೆಂದೂ ತಮ್ಮ ಸುತ್ತೋಲೆ ಹೇಳಿತು. ನಾನು ಅದನ್ನು ಎರಡು ಬಾರಿ ಓದಿದೆ. ಬೇರೆ ಹೋಟೆಲಿನವರು ಓದಲಿಲ್ಲ. ಇಡ್ಲಿ, ವಡೆ, ದೋಸೆ ಎಂದು ಬರೆದು ಮೊಳೆ ಹೊಡೆದರು. ನಾನು ಹದಿನಾರು ಪದಾರ್ಥಗಳನ್ನು ಬರೆದ ಮೇಲೆ, ನಮ್ಮಲ್ಲಿ ಬಡಿಸಲಾಗುವ ಇನ್ನೊಂದು ಆಹಾರವೂ ಅದಕ್ಕೆ ಪಡೆಯಲಾಗುವ ಪ್ರತಿಫಲವೂ ಉಳಿದಿದೆ ಎಂದು ನೆನಪಾಗಿ, ಪ್ರಾಮಾಣಿಕತೆಯ ಹುಮ್ಮಸ್ಸಿನಲ್ಲಿ ಹದಿನೇಳನೆಯ ಸಾಲನ್ನು ಸುಣ್ಣದ ಕಡ್ಡಿಯಿಂದಲ್ಲ, ಬಣ್ಣದಲ್ಲಿಯೇ ಬರೆಸಿದೆ: "ಡಾಕ್ಟರರ ಊಟ (ಖಾರವಿಲ್ಲದ್ದು): ನೌಕರರ ನಾಡಿ ಪರೀಕ್ಷೆ."

ಈ ಡಾಕ್ಟರರು ಯಾರೆಂದು ತಮಗೆ ತಿಳಿದಿದೆ, ಓದುಗರಿಗೆ ತಿಳಿಯದು. ನಮ್ಮ ಹೋಟೆಲಿನ ಮೇಲಿನ ಕೋಣೆಯಲ್ಲಿ ದವಾಖಾನೆ ಇಟ್ಟುಕೊಂಡಿರುವ ಡಾಕ್ಟರ್ ರೇವಣಪ್ಪನವರು ಬೀದರ್ ಜಿಲ್ಲೆಯವರು, ಮದುವೆಯಾಗದವರು, ಹೊಟ್ಟೆಯಲ್ಲಿ ಹುಣ್ಣು ಇರುವವರು. ಮೆಣಸಿನಕಾಯಿಯ ಗಾಳಿ ತಾಗಿದರೂ ಅವರಿಗೆ ಆಗದು. ಈ ಊರಿನಲ್ಲಿ ಮೆಣಸಿನಕಾಯಿಯ ಗಾಳಿ ತಾಗದ ಅಡಿಗೆ ಎಲ್ಲಿದೆ ಎಂದು ತಾವು ಹುಡುಕಿ ನೋಡಬಹುದು. ನಮ್ಮ ಅಡಿಗೆಯ ಮುದ್ದಣ್ಣನವರು ಕುಂದಾಪುರದ ಕಡೆಯವರು. ಹತ್ತಿರದ ಘೋಟಿ ಎಂಬ ಊರಿನ ಅಕ್ಕಿಯನ್ನು ಮೆತ್ತಗೆ ಬೇಯಿಸಿ, ಜೀರಿಗೆಯ ಸಪ್ಪೆ ಸಾರು ಮಾಡಿ, ಮಜ್ಜಿಗೆಗೆ ಎಷ್ಟು ಉಪ್ಪು ಎಂದು ಅಳೆಯದೆಯೇ ಅಳೆದು ಡಾಕ್ಟರರಿಗೆ ಬಡಿಸುವುದು ಹನ್ನೊಂದು ವರ್ಷದಿಂದ ನಡೆದಿದೆ. ಮುದ್ದಣ್ಣನವರಿಗೆ ಉಬ್ಬಸ. ಕಲ್ಲಿದ್ದಲಿನ ಒಲೆಯ ಮುಂದೆ ಇಪ್ಪತ್ತೆರಡು ವರ್ಷ ನಿಂತದ್ದರ ಫಲ ಅದು. ದಿನವೂ ಒಂದು ಗಂಟೆಗೆ ಡಾಕ್ಟರರು ಕೆಳಗೆ ಬಂದು, ಎಲೆಯ ಮುಂದೆ ಕೂರುವ ಮೊದಲು ಅಡಿಗೆಮನೆಯ ಬಾಗಿಲಲ್ಲಿ ನಿಂತು ಕಿವಿಗೊಟ್ಟು, "ಏನ್ರಿ ಮುದ್ದಣ್ಣ, ಇವತ್ತ ಎದ್ಯಾಗ ಹಾರ್ಮೋನಿಯಂ ಬಾರಸಲಾಕತ್ತೀರಲ್ರಿ" ಎನ್ನುವರು. ಇವರು ಸೌಟು ಬಿಡದೆ, "ನೀವು ಮೊದ್ಲು ಊಟ ಮಾಡಿ ಮಾರಾಯ್ರೆ, ನನ್ನ ಎದೆ ಎಲ್ಲಿಗೂ ಓಡಿ ಹೋಗುದಿಲ್ಲ" ಎನ್ನುವರು. ಊಟವಾದ ಮೇಲೆ ಮುದ್ದಣ್ಣನವರ ಎದೆ, ಜೊತೆಗೆ ಆ ವಾರ ಯಾರಿಗೆ ಜ್ವರವೋ ಯಾರ ಕೈ ಸುಟ್ಟಿದೆಯೋ ಅವರ ವಿಚಾರಣೆ, ಔಷಧಿ. ಇದಕ್ಕೆ ಕರಾರುಪತ್ರ ಇಲ್ಲ, ಸಾಕ್ಷಿ ಇಲ್ಲ. ಇಬ್ಬರಲ್ಲಿ ಯಾರಿಗಾದರೂ ನಷ್ಟವೆನಿಸಿದ್ದರೆ ಮಾರನೆಯ ದಿನವೇ ನಿಲ್ಲಿಸಬಹುದಿತ್ತು. ಹನ್ನೊಂದು ವರ್ಷ ಯಾರಿಗೂ ಹಾಗೆ ಅನಿಸಲಿಲ್ಲ. ಒಬ್ಬನ ಬಳಿ ಇರುವುದು ಇನ್ನೊಬ್ಬನಿಗೆ ಬೇಕು, ಆ ಇನ್ನೊಬ್ಬನ ಬಳಿ ಇರುವುದು ಇವನಿಗೆ ಬೇಕು ಎಂಬಲ್ಲಿ ವ್ಯವಹಾರ ತಾನಾಗಿ ಕುದುರುತ್ತದೆ ಎಂದು ನಾನು ನಂಬಿದ್ದೆ. ಅಲ್ಲಿ ಮೂರನೆಯವರಿಗೂ ಒಂದು ಕುರ್ಚಿ ಹಾಕಬೇಕಿತ್ತು ಎಂದು ತಿಳಿಸಿಕೊಟ್ಟದ್ದಕ್ಕೆ ತಮಗೆ ಋಣಿ.

ಫಲಕ ತೂಗಿದ ಮೇಲೆ ಗಿರಾಕಿಗಳಲ್ಲಿ ಸ್ವಲ್ಪ ಉತ್ಸಾಹ ಕಂಡುಬಂತು ಎಂಬುದನ್ನು ಮುಚ್ಚಿಡಲಾರೆ. ಪಕ್ಕದ ಕ್ಷೌರದಂಗಡಿಯವನು ಎರಡು ಕಾಫಿಗೆ ಒಂದು ಗಡ್ಡ ಎಂಬ ದರ ಸೂಚಿಸಿದ. ಬಸ್ ಕಂಡಕ್ಟರರೊಬ್ಬರು, "ಘೋಟಿ ತನಕ ಕೂಡ್ಸಿಕೊಂಡು ಹೋಗ್ತೀನಿ, ಮಸಾಲೆ ದೋಸೆ ಕೊಡ್ತೀರೇನ್ರಿ?" ಎಂದರು. ನಾನು ಇವೆಲ್ಲವನ್ನೂ ನಿರಾಕರಿಸಿ ಹದಿನೇಳಕ್ಕೇ ನಿಲ್ಲಿಸಿದೆ. ಆದರೂ ಸುದ್ದಿ ತಮ್ಮ ಕಿವಿಗೆ ಬಿತ್ತು, ತಾವು ದಯಮಾಡಿಸಿದಿರಿ, ಮತ್ತು ಆರು ದಿನಗಳ ನಂತರ ತಮ್ಮ ಆಜ್ಞೆ ಬಂತು.

ಮಾನ್ಯರೇ, ಪರಭಾಷೆಗಳ ಕಾದಂಬರಿಗಳನ್ನು ಅನುವಾದದಲ್ಲಿ ಓದುವ ಅಭ್ಯಾಸ ನನಗಿದೆ. ಹಿಮ ಬೀಳುವ ದೂರದ ದೇಶಗಳ ಗುಮಾಸ್ತರು ವಿಚಿತ್ರವಾದ ಆಜ್ಞೆಗಳನ್ನು ಬರೆಯುವುದನ್ನು ಓದಿದಾಗ, ಇದು ಲೇಖಕರ ಅತಿಶಯೋಕ್ತಿ ಇರಬೇಕು, ಇಲ್ಲವೇ ಅನುವಾದಕರ ತಪ್ಪಿರಬೇಕು ಎಂದುಕೊಳ್ಳುತ್ತಿದ್ದೆ. ತಮ್ಮ ಆಜ್ಞೆ ಓದಿದ ಮೇಲೆ ಆ ಅನುವಾದಕರೆಲ್ಲರ ಕ್ಷಮೆ ಕೋರಿದ್ದೇನೆ. ಡಾಕ್ಟರರ ಊಟವು ತೆರಿಗೆ ತಪ್ಪಿಸಿದ ಮಾರಾಟ ಎಂದೂ, ಡಾಕ್ಟರರ ಚಿಕಿತ್ಸೆಯು ಘೋಷಿಸದ ಆದಾಯ ಎಂದೂ, ನಮ್ಮ ನೌಕರರಿಗೆ ಊರಾಚೆಯ ಸಾತ್ಪುರದಲ್ಲಿ ಸರ್ಕಾರವೇ ದವಾಖಾನೆ ತೆರೆದಿರುವಾಗ ಅವರು ಬೇರೆಲ್ಲೋ ಗುಣವಾಗುತ್ತಿರುವುದು ಯೋಜನೆಗೆ ವಿರುದ್ಧ ಎಂದೂ ಅದರಲ್ಲಿ ಬರೆದಿತ್ತು. ಕೊನೆಯ ವಾಕ್ಯವನ್ನು ನಾನು ಬಾಯಿಪಾಠ ಮಾಡಿದ್ದೇನೆ.

ನಾನು ತೆರಿಗೆಯ ವಿರೋಧಿಯಲ್ಲ. ಗೋದಾವರಿಯ ಸೇತುವೆ ನನ್ನ ಇಡ್ಲಿಯಿಂದ ಕಟ್ಟಲ್ಪಟ್ಟದ್ದೆಂದು ಸೇತುವೆ ದಾಟುವಾಗಲೆಲ್ಲ ಸ್ವಲ್ಪ ಹೆಮ್ಮೆಪಡುತ್ತೇನೆ. ಪೊಲೀಸರಿಗೂ ಶಾಲೆಗೂ ದೀಪದ ಕಂಬಕ್ಕೂ ನನ್ನ ಪಾಲು ಸಲ್ಲಲಿ. ಕಾಯಿಲೆ ಬಿದ್ದ ನೌಕರನಿಗೆ ರೈಲಿನ ಟಿಕೆಟ್ ಕೊಡಿಸಿ ಊರಿಗೆ ಅಟ್ಟಿಬಿಡುವ ಮಾಲೀಕರೂ ನಮ್ಮ ಕಸುಬಿನಲ್ಲಿ ಇದ್ದಾರೆ. ಅವರ ಹೆಸರುಗಳೂ ನನಗೆ ಗೊತ್ತು. ತಮ್ಮ ನಿಯಮ ಅವರಿಗಾಗಿ ಹುಟ್ಟಿದ್ದೆಂದು ಒಪ್ಪುತ್ತೇನೆ. ಆದರೆ ಆ ನಿಯಮ ಅವರ ಮನೆಯ ದಾರಿ ತಪ್ಪಿ ಯಾವಾಗಲೂ ನಮ್ಮ ಮನೆಗೇ ಏಕೆ ಬರುತ್ತದೆ ಎಂಬುದಷ್ಟೇ ನನ್ನ ಸಂಶಯ. ಬಹುಶಃ ನಾವು ಬೋರ್ಡು ಹಾಕಿರುವುದರಿಂದ ವಿಳಾಸ ಸುಲಭವಾಗಿ ಸಿಗುತ್ತದೆ.

ಆಜ್ಞೆಯ ಒಂದು ಪ್ರತಿ ಮೇಲಿನ ಕೋಣೆಗೂ ಹೋಯಿತು. ಡಾಕ್ಟರರು ಅದನ್ನು ಹಿಡಿದು ಕೆಳಗೆ ಬಂದು, "ಹರಿದಾಸರ, ನಿಮ್ಮ ಬೋರ್ಡ್ ನನ್ನ ಮನಿಗಿ ನೋಟೀಸ್ ತಂದದ ನೋಡ್ರಿ. ಲೈಸೆನ್ಸ್ ಹೋದ್ರ ನಾ ಎಲ್ಲಿ ಹೋಗ್ಲಿ? ಇನ್ನ ಬ್ಯಾರೆ ಕಡಿ ಉಣ್ತೀನ್ರಿ" ಎಂದರು. ಕೋಪವಿರಲಿಲ್ಲ, ಅದೇ ಕಷ್ಟವಾಯಿತು. ಮಾರನೆಯ ದಿನ ಒಂದು ಗಂಟೆಗೆ ಅವರು ಮೆಟ್ಟಿಲಿಳಿದು, ನಮ್ಮ ಬಾಗಿಲು ನೋಡದೆ, ರಸ್ತೆ ದಾಟಿ ಮಿಸಳ್ ಅಂಗಡಿಗೆ ಹೋದರು. ಆ ಅಂಗಡಿಯಲ್ಲಿ ಮಿಸಳ್ ಮೇಲೆ ಸುರಿಯುವ ರಸ್ಸಾ ಎಂಬ ಮೆಣಸಿನ ಸಾರಿನ ಬಣ್ಣವನ್ನು ತಾವು ನೋಡಿರಬಹುದು. ನಾಲ್ಕನೆಯ ದಿನದಿಂದ ಅವರು ಹೊಟ್ಟೆ ಹಿಡಿದುಕೊಂಡು ಮೆಟ್ಟಿಲು ಹತ್ತುವುದನ್ನು ಮುದ್ದಣ್ಣನವರು ಅಡಿಗೆಮನೆಯ ಕಿಟಕಿಯಿಂದ ನೋಡುತ್ತಿದ್ದರು. ಮುದ್ದಣ್ಣನವರು ಕೆಮ್ಮುವುದನ್ನು ಡಾಕ್ಟರರು ಮೇಲಿನಿಂದ ಕೇಳುತ್ತಿದ್ದರು. ಕಾನೂನು ಎರಡೂ ಕಡೆ ಪೂರ್ಣವಾಗಿ ಪಾಲನೆಯಾಗುತ್ತಿತ್ತು.

ತಮ್ಮ ಸಾತ್ಪುರದ ದವಾಖಾನೆಯನ್ನು ನಾನು ಮನಸಾರೆ ಹೊಗಳಬೇಕು. ಅಂಥ ಸ್ವಚ್ಛವಾದ ಗೋಡೆಗಳನ್ನು ನಾನು ಬೇರೆಲ್ಲೂ ಕಂಡಿಲ್ಲ. ಅವಕ್ಕೆ ಒರಗಿಕೊಳ್ಳಲು ರೋಗಿಗಳನ್ನು ಬೇಗ ಒಳಗೆ ಬಿಡುವುದಿಲ್ಲವಾದ್ದರಿಂದ ಇನ್ನೂ ಬಹುಕಾಲ ಹಾಗೆಯೇ ಉಳಿಯುತ್ತವೆ. ಮುದ್ದಣ್ಣನವರನ್ನು ನಾನೇ ಮೂರು ಸಲ ಕರೆದುಕೊಂಡು ಹೋದೆ. ಮೊದಲ ಸಲ ಅಲ್ಲಿನ ಡಾಕ್ಟರರು ಸಭೆಗೆ ಹೋಗಿದ್ದರು. ಎರಡನೆಯ ಸಲ ಡಾಕ್ಟರರು ಇದ್ದರು, ಕಾರ್ಡು ಬಂದಿರಲಿಲ್ಲ. ಮೂರನೆಯ ಸಲ ಡಾಕ್ಟರರೂ ಇದ್ದರು, ಕಾರ್ಡೂ ಬಂದಿತ್ತು, ಆದರೆ ಅರ್ಜಿಯಲ್ಲಿ "ಈ ಊರಿನಲ್ಲಿರುವ ಹತ್ತಿರದ ಸಂಬಂಧಿ" ಎಂಬ ಕಾಲಂ ಖಾಲಿ ಇತ್ತು. ಮುದ್ದಣ್ಣನವರಿಗೆ ಈ ಊರಿನಲ್ಲಿ ಸಂಬಂಧಿಗಳಿಲ್ಲ. ಕುಂದಾಪುರದ ಕಡೆ ಇದ್ದ ಒಬ್ಬ ಅಕ್ಕನೂ ಹೋದ ವರ್ಷ ತೀರಿಕೊಂಡರು. ಕಿಟಕಿಯ ಹಿಂದಿನ ಮಹಿಳೆ ಅರ್ಜಿಯನ್ನು ಹಿಂದಕ್ಕೆ ತಳ್ಳಿ, "ಉದ್ಯಾ ಯಾ", ನಾಳೆ ಬನ್ನಿ ಎಂದರು. ಬಹಳ ಮೃದುವಾಗಿ ಅಂದರು. ನಾಳೆ ಬಂದು ಮುದ್ದಣ್ಣನವರು ಯಾವ ಸಂಬಂಧಿಯನ್ನು ತರಬೇಕೆಂದು ಕೇಳುವಷ್ಟರಲ್ಲಿ ಕಿಟಕಿ ಮುಚ್ಚಿತು. ಬಸ್ಸಿನಲ್ಲಿ ಹಿಂದಿರುಗುವಾಗ ಅವರು ಒಂದೇ ಮಾತು ಆಡಿದರು: "ಉಸ್ರು ಎಳಿಲಿಕ್ಕೂ ಸಂಬಂಧಿ ಬೇಕು ಅಂತ ನಂಗೆ ಗೊತ್ತಿರ್ಲಿಲ್ಲ ಭಟ್ರೆ."

ಇನ್ನು ನನ್ನ ತಪ್ಪೊಪ್ಪಿಗೆ. ಹೋದ ಮಂಗಳವಾರ, ಮಧ್ಯಾಹ್ನದ ಪಂಕ್ತಿ ನಡೆದಿರುವಾಗ, ಮುದ್ದಣ್ಣನವರು ಅಕ್ಕಿ ಮೂಟೆಯ ಮೇಲೆ ಕುಳಿತುಬಿಟ್ಟರು. ಬಾಯಿ ತೆರೆದಿತ್ತು, ಉಸಿರು ಒಳಗೆ ಹೋಗುತ್ತಿರಲಿಲ್ಲ, ತುಟಿ ನೀಲಿಯಾಗುತ್ತಿತ್ತು. ಸಾತ್ಪುರಕ್ಕೆ ಬಸ್ಸು ಇನ್ನು ಅರ್ಧ ಗಂಟೆಗೆ. ನನ್ನ ಹೆಂಡತಿ ಮನೋರಮಾ ನನ್ನ ಅನುಮತಿಯನ್ನೂ ತಮ್ಮ ಅನುಮತಿಯನ್ನೂ ಕೇಳದೆ ಮೆಟ್ಟಿಲು ಹತ್ತಿ ಓಡಿದಳು. ಡಾಕ್ಟರರು ಬನಿಯನ್ನಿನಲ್ಲಿಯೇ, ಒಂದು ಕೈ ತಮ್ಮ ಹೊಟ್ಟೆಯ ಮೇಲೆ, ಇನ್ನೊಂದರಲ್ಲಿ ಪೆಟ್ಟಿಗೆ ಹಿಡಿದು ಇಳಿದು ಬಂದರು. ಸೂಜಿಯನ್ನು ನಮ್ಮ ಇಡ್ಲಿ ಬೇಯಿಸುವ ಪಾತ್ರೆಯ ನೀರಿನಲ್ಲಿ ಕುದಿಸಲಾಯಿತು. ಇದೂ ಒಂದು ಉಲ್ಲಂಘನೆಯೆಂದು ಬರೆದುಕೊಳ್ಳಬಹುದು. ಚುಚ್ಚುಮದ್ದು ಕೊಟ್ಟ ಮೇಲೆ ಅವರು ನೆಲದ ಮೇಲೆ ಕುಳಿತು ಮುದ್ದಣ್ಣನವರ ಬೆನ್ನನ್ನು ತಮ್ಮ ಭುಜಕ್ಕೆ ಒರಗಿಸಿಕೊಂಡು, "ಸಾವಕಾಶ… ಸಾವಕಾಶ ಬಿಡ್ರಿ" ಎನ್ನುತ್ತಿದ್ದರು. ಊಟದ ಕೋಣೆಯಲ್ಲಿ ಯಾರೂ ಸಾರು ಕೇಳಲಿಲ್ಲ. ಇಪ್ಪತ್ತು ನಿಮಿಷ ಆಯಿತೋ ಹೆಚ್ಚಾಯಿತೋ, ನಾನು ಗಡಿಯಾರ ನೋಡಲಿಲ್ಲ. ಕೊನೆಗೆ ಉಸಿರು ಕೂಡಿಬಂದಾಗ ಮುದ್ದಣ್ಣನವರು ಮೊದಲು ಕೇಳಿದ್ದು, "ಡಾಕ್ಟ್ರದ್ದು ಊಟ ಆಯ್ತಾ?"

ಆಗಿರಲಿಲ್ಲ. ಆದ್ದರಿಂದ ಮನೋರಮಾ ಗಂಜಿ ಬೇಯಿಸಿ, ಅಡಿಗೆಮನೆಯಲ್ಲಿಯೇ ಇಬ್ಬರಿಗೂ ಬಡಿಸಿದಳು. ತೆರಿಗೆ ತಪ್ಪಿಸಿದ ಮಾರಾಟವೂ ಘೋಷಿಸದ ಆದಾಯವೂ ಯೋಜನೆಗೆ ವಿರುದ್ಧವಾದ ಗುಣವಾಗುವಿಕೆಯೂ ಹೀಗೆ ಹಾಡುಹಗಲಲ್ಲಿ, ನಲವತ್ತು ಜನ ಗಿರಾಕಿಗಳ ಎದುರು ಜರುಗಿದವು. ಸಾಕ್ಷಿಗಳ ಕೊರತೆ ತಮಗೆ ಬರಲಾರದು. ಡಾಕ್ಟರರು ಗಂಜಿ ಕುಡಿದು, "ಮುದ್ದಣ್ಣ, ಒಂದ್ ತಿಂಗಳ ತನಕ ನೀವ್ ಒಲಿ ಮುಂದ ಕಂಡ್ರ ನಾ ಇಲ್ಲಿ ಉಣ್ಣಂಗಿಲ್ಲ" ಎಂದು ಅಪ್ಪಣೆ ಕೊಟ್ಟರು. ಹನ್ನೆರಡು ವರ್ಷದಿಂದ ನಾನು ವಿಶ್ರಾಂತಿ ತೆಗೆದುಕೊಳ್ಳಿ ಎಂದು ಹೇಳಿ ಸೋತಿದ್ದ ಮುದ್ದಣ್ಣನವರು ಈ ಬೆದರಿಕೆಗೆ ತಕ್ಷಣ ಮಣಿದರು. ನಿಯಂತ್ರಣ ಎಂದರೆ ಇದು, ಮಾನ್ಯರೇ. ಇದಕ್ಕೆ ಇಲಾಖೆ ಬೇಕಾಗಲಿಲ್ಲ.

ಆದರೂ ನಾನು ಕಾನೂನಿನ ಒಳಗೇ ಇರಬಯಸುವವನು. ಔರಂಗಾಬಾದಿನ ಮೇಲ್ಮನವಿ ಕಚೇರಿಗೆ ಹೋಗಿ ಬರಲು ಮೂರು ದಿನ ಬೇಕು, ಅಷ್ಟು ದಿನ ಹೋಟೆಲು ನೋಡುವವರಿಲ್ಲ. ಆದ್ದರಿಂದ ತಮ್ಮ ಸುತ್ತೋಲೆಯನ್ನು ಮೂರನೆಯ ಬಾರಿ ಓದಿದೆ, ಮತ್ತು ಅದರ ಬೆನ್ನಿನ ಮೇಲೆ, ಸಣ್ಣ ಅಕ್ಷರಗಳಲ್ಲಿ, ನೌಕರರ ಕುಟುಂಬದವರು ಉಣ್ಣುವ ಊಟಕ್ಕೂ ಕುಟುಂಬದವರು ಒಬ್ಬರಿಗೊಬ್ಬರು ಮಾಡುವ ಶುಶ್ರೂಷೆಗೂ ಈ ನಿಯಮ ಅನ್ವಯಿಸದು ಎಂಬ ಉದಾರವಾದ ವಾಕ್ಯವನ್ನು ಕಂಡೆ. ಅದನ್ನು ಬರೆದವರು ಯಾರೇ ಇರಲಿ, ಅವರ ಹೊಟ್ಟೆ ತಣ್ಣಗಿರಲಿ.

ಹೀಗಾಗಿ ಇದರೊಂದಿಗೆ, ಮುದ್ದಣ್ಣನವರ ಕುಟುಂಬಕ್ಕೆ ಡಾಕ್ಟರ್ ರೇವಣಪ್ಪನವರನ್ನು ಸೇರಿಸಿಕೊಳ್ಳುವ ಅರ್ಜಿಯನ್ನು ಲಗತ್ತಿಸಿದ್ದೇನೆ. ಜಾತಿ ಬೇರೆ, ಜಿಲ್ಲೆ ಬೇರೆ, ಆಡುವ ಕನ್ನಡವೂ ಬೇರೆ ಎಂಬ ಆಕ್ಷೇಪಣೆ ಬರಬಹುದೆಂದು ಮೊದಲೇ ಬಲ್ಲೆ. ಆದರೆ ಅರ್ಜಿಯಲ್ಲಿ ಅವಕ್ಕೆ ಕಾಲಂ ಇಲ್ಲ. ಸಂಬಂಧದ ಕಾಲಂ ಮಾತ್ರ ಇದೆ. ಅದನ್ನು ತುಂಬುವಾಗ ಮುದ್ದಣ್ಣನವರು ಮಂಚದ ಮೇಲಿಂದ, "ಅಣ್ಣ ಅಂತ ಬರೀರಿ" ಎಂದರು. ಡಾಕ್ಟರರು ಕನ್ನಡಕ ಏರಿಸಿಕೊಂಡು ನನ್ನ ಕೈ ತಡೆದರು. "ಏ, ತಡೀರ್ರಿ. ನಾ ಇವರಕಿಂತ ಮೂರ್ ವರ್ಷ ಸಣ್ಣಾವ ಇದೀನಿ. ತಮ್ಮ ಅಂತ ಬರೀರಿ. ಸರ್ಕಾರಿ ಕಾಗದದಾಗ ಸುಳ್ಳ ಬ್ಯಾಡ."

ತಮ್ಮ ಅಂತಲೇ ಬರೆದಿದ್ದೇನೆ.

ತಮ್ಮ ಮುದ್ರೆಯ ನಿರೀಕ್ಷೆಯಲ್ಲಿ, ಅದು ಬಾರದಿದ್ದರೂ ಮಧ್ಯಾಹ್ನ ಒಂದು ಗಂಟೆಗೆ ಎಲೆ ಹಾಕುತ್ತಲೇ ಇರುವ,

ತಮ್ಮ ವಿಶ್ವಾಸಿ,
ಹರಿದಾಸ ಉಪಾಧ್ಯ

ತಾ.ಕ.: ತಮ್ಮ ಕಚೇರಿಯ ಜವಾನ ದೇವದಾಸರು ನಿನ್ನೆ ಮೇಲಿನ ದವಾಖಾನೆಗೆ ಬಂದು, ಸಾಹೇಬರಿಗೆ ಮೂರು ದಿನದಿಂದ ಜ್ವರ, ಸಾತ್ಪುರಕ್ಕೆ ಹೋಗಲು ಪುರುಸೊತ್ತಿಲ್ಲ ಎಂದು ಹೇಳಿ ಔಷಧಿ ಒಯ್ದರು. "ನಮ್ಮ ಭಾಲ್ಕಿ ಕಡಿಯವರು" ಎಂದು ಡಾಕ್ಟರರು ಫೀಸು ಮುಟ್ಟಲಿಲ್ಲವಂತೆ. ಜ್ವರ ಇಳಿದಿರಬೇಕು. ಅದು ಕಾನೂನುಬದ್ಧವಾಗಿ ಇಳಿಯಲಿ ಎಂಬ ಕಾಳಜಿಯಿಂದ ಇನ್ನೊಂದು ಅರ್ಜಿಯನ್ನೂ ಲಗತ್ತಿಸಿದ್ದೇನೆ. ಹೆಸರು ತಮ್ಮದನ್ನು ಬರೆದಿದ್ದೇನೆ. ಡಾಕ್ಟರರಿಗೆ ತಾವು ಏನಾಗಬೇಕು ಎಂಬುದನ್ನು ಮಾತ್ರ ತಾವೇ ತುಂಬಿ ಕಳುಹಿಸಬೇಕು.