ಕಂಪ್ಯೂಟರಿನಲ್ಲಿ ಕಾಣೆಯಾದ ಗದ್ದೆ

ದೇವಿದಾಸನ ಗ್ರಹಚಾರ ಶುರುವಾದದ್ದು ಅವನ ಅಚ್ಚುಕಟ್ಟಿನ ಹುಚ್ಚಿನಿಂದ. ಕೈಗಾ ಅಣುಸ್ಥಾವರದಲ್ಲಿ ಸ್ಟೋರ್ ನೋಡಿಕೊಳ್ಳುವ ಅವನಿಗೆ ಬುಧವಾರ ವಾರದ ರಜೆ. ಬೇರೆಯವರು ರಜೆಯ ದಿನ ಮೀನಿಗೆ ಹೋದರೆ, ಇವನು ಕಂಪ್ಯೂಟರಿನ ಮುಂದೆ ಕೂತು ಮನೆಯ ಹಣದ ಲೆಕ್ಕ ಒಪ್ಪ ಮಾಡುತ್ತಿದ್ದ.

ಲೆಕ್ಕದಲ್ಲಿ ಮುಖ್ಯವಾದದ್ದು ಅವನ ತಾಯಿ ಬೀರಿಯ ಷೇರುಗಳು. ಚೆಂಡಿಯಾ ಊರಿನ ಗದ್ದೆ ನೌಕಾನೆಲೆಗೆ ಹೋದ ಮೇಲೆ ಅವರು ನಿರಾಶ್ರಿತರ ಕಾಲೊನಿಗೆ ಬಂದಿದ್ದರು. ಎಷ್ಟೋ ವರ್ಷ ತಡವಾಗಿ ಬಂದ ಹೆಚ್ಚುವರಿ ಪರಿಹಾರದಲ್ಲಿ ದೇವಿದಾಸ ತಾಯಿಯ ಹೆಸರಿನಲ್ಲೇ ಷೇರು ಕೊಂಡಿದ್ದ. ಅವು ನಾಲ್ಕು ಪಟ್ಟು ಬೆಳೆದಿದ್ದವು. ಇನ್ನೆರಡು ವರ್ಷ ಬಿಟ್ಟರೆ ಮನೆಯ ಮೇಲೊಂದು ಮಾಳಿಗೆ ಏಳಿಸಬಹುದು ಎಂಬುದು ಅವನ ಕನಸು.

ಕಂಪ್ಯೂಟರಿನ ಲೆಕ್ಕದಲ್ಲಿ ಆ ಷೇರುಗಳ ಖಾತೆಗೆ ‘ಆಯಿಯ ಗದ್ದೆ’ ಎಂದೇ ಹೆಸರಿಟ್ಟಿದ್ದ. ಓದು ಬಾರದ ಬೀರಿ ರಜೆಯ ದಿನ ಚಾ ಕುಡಿದು ಬಂದು, “ಗದ್ದೆ ತೋರ್ಸು ತಮಾ” ಅನ್ನುವಳು. ಅಂಕಿ ಹಸಿರಾಗಿದ್ದರೆ ಬೆಳೆ ಚಲೋ. ಕೆಂಪಾಗಿದ್ದರೆ “ಹುಳ ಬಿತ್ತು ಕಾಣ್ತದೆ” ಎಂದು ಒಳಗೆ ಹೋಗುವಳು.

ಆ ಬುಧವಾರ ದೇವಿದಾಸ ಹಳೆಯ ಖಾತೆಯಲ್ಲಿದ್ದ ಷೇರುಗಳನ್ನು ‘ಆಯಿಯ ಗದ್ದೆ ಹೊಸತು’ ಎಂಬ ಖಾತೆಗೆ ದಾಟಿಸಲು ಕೂತ. ‘ಯಾವ ಖಾತೆಗೆ?’ ಎಂದು ಕಂಪ್ಯೂಟರ್ ಕೇಳಿತು. ಬೆರಳು ಜಾರಿ ಒಂದು ಸಾಲು ಕೆಳಗೆ ಒತ್ತಿತು. ಅಷ್ಟರಲ್ಲಿ ಹೆಂಡತಿ ಕಲಾವತಿ, “ಗ್ಯಾಸಿನವ್ನು ಬಂದ!” ಎಂದು ಕೂಗಿದಳು. ನೋಡದೇ ಎದ್ದು ಹೋದ.

ಬೀರಿ ಬಂದು ಕನ್ನಡಕ ಏರಿಸಿದಳು. ಅಕ್ಷರ ಬಾರದಿದ್ದರೂ ಸೊನ್ನೆಯ ಗುರುತು ಅವಳಿಗಿತ್ತು.

“ಅಯ್ಯಯ್ಯೋ! ಗದ್ದೆ ಹೋಯ್ತಲ್ರೋ! ಮತ್ತೊಂದ್ಸಲ ಹೋಯ್ತಲ್ರೋ!”

ಗ್ಯಾಸಿನವನು ಬೆಚ್ಚಿ ಸಿಲಿಂಡರನ್ನು ದೇವಿದಾಸನ ಕಾಲಿನ ಮೇಲೆ ಇಳಿಸಿದ. ದೇವಿದಾಸನೂ ಕೂಗಿದ. ಆ ಕಾಲೊನಿಯಲ್ಲಿ ಬೆಂಕಿ ಬಿತ್ತೆಂದರೂ ಜನ ಚಪ್ಪಲಿ ಹುಡುಕಿ ಬಂದಾರು, ಗದ್ದೆ ಹೋಯಿತೆಂದರೆ ಬರಿಗಾಲಲ್ಲೇ ಓಡಿ ಬರುತ್ತಾರೆ. ಪಕ್ಕದ ಮನೆಯ ಗೋದಾವರಿ ಕಾಯಿ ತುರಿದ ಕೈಯಲ್ಲೇ ಬಂದಳು. ಎದುರು ಮನೆಯ ವಿಮಾ ಏಜೆಂಟ್ ಮಂಗೇಶ ಅರ್ಧ ಗಡ್ಡ ಬೋಳಿಸಿ, ಇನ್ನರ್ಧಕ್ಕೆ ನೊರೆ ಹಚ್ಚಿಕೊಂಡೇ ಬಂದ.

“ನೇವಿಯವ್ರು ಮತ್ತೆ ಬಂದ್ರಾ?” ಎಂದ ಮಂಗೇಶ.

“ಇಲ್ಲ, ಕಂಪ್ಯೂಟರಿಂದ ಹೋಯ್ತು!” ಬೀರಿ ಎದೆ ಬಡಿದುಕೊಂಡಳು.

“ಹಂಗಾರೆ ಕಳ್ಳರೇ! ದೇವಿದಾಸ, ಒಟಿಪಿ ಯಾರಿಗೆ ಹೇಳ್ದೆ ಮಾರಾಯಾ?”

ಕುಂಟುತ್ತ ಬಂದ ದೇವಿದಾಸ ಪರದೆ ನೋಡಿದ. ಸೊನ್ನೆ. ಅವನ ನಾಲಿಗೆ ಸುಕ್ಕಾ ಬಂಗಡೆಯ ಹಾಗೆ ಒಣಗಿತು. ಮೇಲೆ ಕೆಳಗೆ ಹುಡುಕಿ, ಕಡೆಗೆ ಕುಣಿದುಬಿಟ್ಟ. “ಸಿಕ್ತು! ಇಲ್ಲೇ ಅದೆ! ಎಲ್ಲಾ ಅದೆ!”

“ಎಲ್ಲಿ?” ಮಂಗೇಶ ಬಗ್ಗಿ, ಎಲ್ಲರಿಗೂ ಕೇಳುವ ಹಾಗೆ ಓದಿದ. “ಖಾತೆಯ ಹೆಸರು: ದೇವಿದಾಸ.”

ಮಂಗೇಶನ ಕೆನ್ನೆಯ ನೊರೆ ಒಣಗತೊಡಗಿತು.

“ಆಯಿ ಗದ್ದೆ ಮಗನ ಹೆಸ್ರಿಗಾ?” ಎಂದಳು ಗೋದಾವರಿ ಮೆಲ್ಲಗೆ.

ಸರಪಳಿ ಹಿಡಿದು ಗದ್ದೆ ಅಳೆಯಲು ಬಂದ ಸರ್ವೆಯವನನ್ನು ಅಂದು ನೋಡಿದ್ದ ಹಾಗೆಯೇ ಬೀರಿ ಈಗ ಮಗನನ್ನು ನೋಡಿದಳು.

“ಆಯಿ, ಇದು ಬರೀ ನಾನು ಬರ್ಕೊಳ್ಳೂ ಲೆಕ್ಕ. ನಿಜವಾದ ಷೇರು ಬ್ರೋಕರ್ ಕಂಪನಿಯಲ್ಲಿ ನಿನ್ನ ಹೆಸ್ರಲ್ಲೇ ಅವೆ!”

“ಹಂಗಾರೆ ಇಷ್ಟು ವರ್ಷ ನಂಗೆ ತೋರ್ಸಿದ್ದು ಎಂತದು?”

ದೇವಿದಾಸ ಆತುರದಲ್ಲಿ ಎರಡು ಸಲ ಒತ್ತಿ ಷೇರುಗಳನ್ನು ತಿರುಗಿ ತಾಯಿಯ ಖಾತೆಗೆ ದಾಟಿಸಿದ. “ನೋಡು, ಬಂತು!”

ಅದು ಇನ್ನೂ ಕೆಟ್ಟಿತು. “ಒಂದು ಬೆರಳಲ್ಲಿ ಹೋಗೂದು, ಒಂದು ಬೆರಳಲ್ಲಿ ಬರೂದು! ನಾ ಮಲ್ಗಿದಾಗೆಲ್ಲ ಹಿಂಗೇ ಆಡ್ಸ್ತಿದ್ಯಾ?”

ಯಾರು ಫೋನ್ ಮಾಡಿದರೋ, ಮಧ್ಯಾಹ್ನದೊಳಗೆ ಮಂಜಗುಣಿಗೆ ಕೊಟ್ಟ ತಂಗಿ ರಂಜನಾ ಅಂಕೋಲೆಯಿಂದ ಬಸ್ಸು ಹಿಡಿದು ಬಂದಿಳಿದಳು. “ಅಣ್ಣಾ, ಬಾಯಿಬಿಟ್ಟು ಕೇಳಿದ್ರೆ ನಾನು ಬೇಡ ಅಂತಿದ್ನಾ?” ಎಂದು ಅಂಗಳದಲ್ಲೇ ಅಳತೊಡಗಿದಳು. ಕಲಾವತಿಯೂ ಗಂಡನನ್ನು ದೂರ ನಿಂತೇ ನೋಡುತ್ತಿದ್ದಳು.

ದೇವಿದಾಸನಿಗೆ ತಡೆಯಲಾಗಲಿಲ್ಲ. ಕಂಪನಿಯಲ್ಲಿ ನೋಂದಾಯಿಸಿದ್ದು ತಾಯಿಯ ನಂಬರು. ಅವಳ ಸೊಂಟದಲ್ಲಿದ್ದ ಗುಂಡಿಯ ಫೋನು ಕಸಿದು ಕಂಪನಿಗೇ ಹಚ್ಚಿ ಸ್ಪೀಕರಿಗೆ ಹಾಕಿದ. ಖಾತೆಯ ಒಡತಿಯೇ ಮಾತಾಡಬೇಕು ಎಂದಿತು ಒಂದು ಹೆಣ್ಣು ದನಿ. ಬೀರಿ ತನ್ನ ಹೆಸರು, ಗಂಡನ ಹೆಸರು, ಊರು ಎಲ್ಲ ಹೇಳಿದಳು. ಉಳಿದ ಅಂಕಿಗಳನ್ನು ರಂಜನಾ ಷೇರಿನ ಕಾಗದ ನೋಡಿ ಕಿವಿಯಲ್ಲಿ ಹೇಳಿಕೊಟ್ಟಳು.

“ಬೀರಿ ಅಮ್ಮಾ, ಷೇರುಗಳೆಲ್ಲ ನಿಮ್ಮ ಹೆಸರಲ್ಲೇ ಭದ್ರವಾಗಿವೆ. ಏನೂ ಕದಲಿಲ್ಲ.”

ಅಂಗಳವೆಲ್ಲ ಉಸಿರು ಬಿಟ್ಟಿತು. “ನಾ ಆಗ್ಲೇ ಹೇಳ್ದೆ, ದೇವಿದಾಸ ಅಂಥವ್ನಲ್ಲ ಅಂತ” ಎಂದಳು ಗೋದಾವರಿ. ಮಂಗೇಶ ಹೆಗಲು ತಟ್ಟಿದ. ದೇವಿದಾಸನ ಕಣ್ಣು ತುಂಬಿತು. ಫೋನು ಇಡಲು ಕೈ ಚಾಚಿದ.

ಬೀರಿ ಬಿಡಲಿಲ್ಲ. “ತಡಿ. ತಂಗೀ, ನನ್ನ ಮಗ ಅದ್ನ ಮುಟ್ಟೂಕಾಗೂದಿಲ್ವಾ?”

“ಇಲ್ಲಮ್ಮ. ನಿಮ್ಮ ಒಪ್ಪಿಗೆ ಇಲ್ಲದೆ ಯಾರಿಗೂ ಆಗಲ್ಲ.”

“ನಾನು ಮಾರ್ತೆ ಅಂದ್ರೆ?”

“ಈಗಲೇ ಮಾರಬಹುದು. ಮಾರ್ಕೆಟ್ ತೆರೆದಿದೆ.”

“ಮಾರು.”

“ಆಯಿ!” ದೇವಿದಾಸ ಕೂಗಿದ. “ಮಾಳಿಗೆ! ಇನ್ನೆರಡೇ ವರ್ಷ!”

ಫೋನು ಕಿಣಿ ಅಂದಿತು. ಬಂದ ಒಟಿಪಿಯನ್ನು ರಂಜನಾ ಒಂದೊಂದೇ ಅಂಕಿಯಾಗಿ ಓದಿದಳು. ಬೀರಿ ಅದನ್ನು ಕೂಗಿ ಹೇಳಿದಳು. ಎಂಟು ವರ್ಷ ಮಗ ಕಾದು ಬೆಳೆಸಿದ್ದು ಒಂದು ನಿಮಿಷದಲ್ಲಿ ಮಾರಿಹೋಯಿತು. ದೇವಿದಾಸ ಜಗಲಿಯ ಮೇಲೆ ಕುಸಿದು ಕೂತ.

“ಬೆರಳಲ್ಲಿ ನೂಕಿದ್ರೆ ಹೋಗೂ ಗದ್ದೆ ನಂಗೆ ಬ್ಯಾಡ” ಎಂದಳು ಬೀರಿ. “ರಂಜೀ, ನಿನ್ನ ಮನೆ ಹತ್ರ ಹೊಳೆ ಬದಿ ಗದ್ದೆ ಮಾರೂಕದೆ ಅಂದಿದ್ಯಲ್ಲ? ಅದ್ನ ಹಿಡಿ.”

“ಹಿಡೀತೆ ಆಯಿ. ಯಾರ ಹೆಸ್ರಿಗೆ?” ರಂಜನಾ ಸೆರಗಿನಿಂದ ಕಣ್ಣೊರೆಸಿ ಕೇಳಿದಳು.

“ದೇವಿದಾಸನ ಹೆಸ್ರಿಗೆ.”

ಎಲ್ಲರೂ ಮತ್ತೊಮ್ಮೆ ದಂಗಾದರು. ದೇವಿದಾಸನಿಗೆ ಹೋದ ಜೀವ ಬಂತು. ಏನೇ ಆಗಲಿ, ಹೆತ್ತ ಕರುಳು! ಎದ್ದು ತಾಯಿಯ ಕಾಲು ಮುಟ್ಟಿದ.

“ಇರ್ಲಿ ಇರ್ಲಿ” ಎಂದಳು ಬೀರಿ. “ಹೆಸ್ರು ಇದ್ದವ್ನೇ ಗದ್ದೆ ಮಾಡ್ಬೇಕು. ಇನ್ನು ಬುಧವಾರ ಕಂಪ್ಯೂಟರು ಬ್ಯಾಡ.”

“ಹಾರೆ ಒಂದು ಹಿಡ್ಕಂಡು ಬಾ ಅಣ್ಣಾ” ಎಂದಳು ರಂಜನಾ, ಈಗ ನಗುತ್ತ. “ಕಟ್ಟೆ ಒಡ್ದು ಹೊಳೆಯ ಉಪ್ಪು ನೀರು ಒಳಗೇ ನಿಂತದೆ. ಇಲ್ದಿದ್ರೆ ಅಷ್ಟು ಅಗ್ಗಕ್ಕೆ ಯಾರು ಕೊಡ್ತಿದ್ರು?”